ಮಿದುಳಿಗೆ ಮಸಿ ಹಚ್ಚಿದವರು

ನಾನು ಎಂ.ಎ. ತರಗತಿಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳು ಒಂದು ದಿನ ತಾಳೆಗರಿಯ ಕಟ್ಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಗರಿಯೊಂದನ್ನು ನನ್ನ ಕೈಗಿತ್ತು, "ಎಲ್ಲಿ, ಓದು ನೋಡೋಣ" ಎಂದರು. ನಾನು ಕಿಟಕಿಯ ಬಳಿಗೆ ಹೋಗಿ, ಹಾಗೆ ಹಿಡಿದು ಹೀಗೆ ಹಿಡಿದು ನೋಡಿದೆ. ಒಣಗಿದ ಗರಿಯ ನಾರಿನ ಹೊರತು ಮತ್ತೇನೂ ಕಾಣಲಿಲ್ಲ. ಗುರುಗಳು ನಕ್ಕು, ಒಂದಿಷ್ಟು ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆಲ್ಲ ತೀಡಿ, ಅನಂತರ ಬಟ್ಟೆಯ ತುಂಡಿನಿಂದ ಮೆಲ್ಲನೆ ಒರಸಿದರು. ಮೇಲಣ ಮಸಿ ಹೋಯಿತು. ಕಬ್ಬಿಣದ ಕಂಟದಿಂದ ಕೊರೆದ ಗೀರುಗಳೊಳಗೆ ಇಳಿದ ಮಸಿ ಉಳಿಯಿತು. ನೋಡುತ್ತಿದ್ದ ಹಾಗೆಯೇ ಅಕ್ಷರಗಳು ಸಾಲುಸಾಲಾಗಿ ಎದ್ದು ನಿಂತವು.

ಈಚೆಗೆ ನರವಿಜ್ಞಾನದ ಚರಿತ್ರೆಯನ್ನು ಕುರಿತ ಕೆಲವು ಗ್ರಂಥಗಳನ್ನು ಓದುವಾಗ ಆ ಗರಿ ಮತ್ತೆ ಮತ್ತೆ ನೆನಪಿಗೆ ಬಂತು. ಕನ್ನಡ ಪಾಠ ಹೇಳುವವನು ಮಿದುಳಿನ ಮಾತನ್ನೆತ್ತಿದರೆ ವಾಚಕರು ಹುಬ್ಬೇರಿಸಬಹುದು. ಆದರೆ ಎದುರಿಗೇ ಇದ್ದೂ ಕಾಣದಿರುವುದನ್ನು ಕಾಣಿಸುವುದು ಹೇಗೆ ಎಂಬ ಕಷ್ಟ, ಓಲೆಯನ್ನು ಓದುವವನಿಗೂ ಮಿದುಳನ್ನು ಓದುವವನಿಗೂ ಒಂದೇ ಬಗೆಯದು. ಮಿದುಳಿನ ವಿಷಯದಲ್ಲಿ ಅದು ಇನ್ನಷ್ಟು ತೊಡಕಿನದು. ಓಲೆಯಲ್ಲಿ ಗೀರಿದ ಅಕ್ಷರಗಳೆಲ್ಲವೂ ಕಪ್ಪಾಗಬೇಕು. ಮಿದುಳಿನಲ್ಲಿ ಎಲ್ಲವೂ ಕಪ್ಪಾದರೆ ಕೆಲಸ ಕೆಟ್ಟಿತು!

ಏಕೆಂದರೆ, ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶದಿಂದಲೂ ಮರದಿಂದ ಟೊಂಗೆಗಳು ಹೊರಡುವಂತೆ ಹತ್ತಾರು ಎಳೆಗಳು ಹೊರಟು, ನೆರೆಯ ಕೋಶಗಳ ಎಳೆಗಳೊಡನೆ ಹೆಣೆದುಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪಂಡಿತರು ಮಿದುಳಿನ ತೆಳು ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬಿಳುಪಾದ ಮುದ್ದೆಯೊಂದು ಕಾಣುತ್ತಿತ್ತು. ಬಣ್ಣ ಹಾಕಿದರೆ ಸಮಸ್ತವೂ ಬಣ್ಣವಾಗಿ, ಯಾವ ಎಳೆ ಯಾವ ಕೋಶದ್ದು, ಅದು ಎಲ್ಲಿ ಮುಗಿಯಿತು ಎಂಬುದೊಂದೂ ತಿಳಿಯುತ್ತಿರಲಿಲ್ಲ. ಆದುದರಿಂದಲೇ ಮಿದುಳೆಂಬುದು ಬಿಡಿ ಕೋಶಗಳ ಸಮೂಹವಲ್ಲ, ಕೊನೆ ಮೊದಲಿಲ್ಲದೆ ಒಂದರೊಳಗೊಂದು ಬೆಸೆದುಕೊಂಡ ಬಲೆ ಎಂಬ ವಾದ ಬಲವಾಗಿ ಬೇರೂರಿತ್ತು. ಇದು ಬರಿಯ ಪಂಡಿತರ ಜಗಳವಲ್ಲ. ಮಿದುಳು ಬಲೆಯಾದರೆ ಸುದ್ದಿ ಎಲ್ಲಿಂದ ಎಲ್ಲಿಗಾದರೂ ಹರಿದೀತು. ಬಿಡಿ ಕೋಶಗಳಾದರೆ ಪ್ರತಿಯೊಂದು ಸುದ್ದಿಗೂ ದಾರಿಯಿದೆ, ಆ ದಾರಿಯನ್ನು ಹುಡುಕಬಹುದು, ಎಲ್ಲಿ ತಡೆಯಾಯಿತೆಂದು ಗುರುತಿಸಬಹುದು. ನಮ್ಮ ನೆನಪು, ನೋವು, ನಡಿಗೆಗಳನ್ನು ಅರಿಯುವ ಬಗೆ ಈ ಒಂದು ಪ್ರಶ್ನೆಯನ್ನು ಅವಲಂಬಿಸಿತ್ತು.

ಅಡಿಗೆಮನೆಯ ಪ್ರಯೋಗ

ಇಟಲಿಯ ಮಿಲಾನಿನ ಸಮೀಪದಲ್ಲಿ ಅಬ್ಬಿಯಾತೆಗ್ರಾಸ್ಸೋ ಎಂಬ ಸಣ್ಣ ಊರು. ಅಲ್ಲಿ ಗುಣವಾಗದ ರೋಗಿಗಳಿಗಾಗಿ ಒಂದು ಆಸ್ಪತ್ರೆ. 1872ರಲ್ಲಿ ಕಮಿಲ್ಲೋ ಗಾಲ್ಜಿ ಎಂಬ ತರುಣ ವೈದ್ಯನು ಅಲ್ಲಿಗೆ ಮುಖ್ಯ ವೈದ್ಯನಾಗಿ ಬಂದನು. ಪಾವಿಯಾ ವಿಶ್ವವಿದ್ಯಾನಿಲಯದ ಪಂಡಿತ ಮಂಡಲಿಯನ್ನು ಬಿಟ್ಟು ಇಂತಹ ಮೂಲೆಗೆ ಬರಲು ಆತನಿಗೆ ಮನಸ್ಸಿರಲಿಲ್ಲ. ಸಂಬಳದ ಆವಶ್ಯಕತೆ ಮತ್ತು ತಂದೆಯ ಒತ್ತಾಯ ಕರೆತಂದಿದ್ದವು. ಆಸ್ಪತ್ರೆಯಲ್ಲಿ ಪ್ರಯೋಗಶಾಲೆಯೆಂಬುದು ಇರಲಿಲ್ಲ. ಗಾಲ್ಜಿ ಅಡಿಗೆಮನೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡನು. ಹಗಲೆಲ್ಲ ರೋಗಿಗಳ ಆರೈಕೆ. ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಒಂದು ಸೂಕ್ಷ್ಮದರ್ಶಕ, ಕೆಲವು ಸೀಸೆಗಳು, ಮಿದುಳಿನ ತುಣುಕುಗಳು.

ಮಿದುಳು ಬೆಣ್ಣೆಯಂತೆ ಮೆತ್ತಗಿರುವುದರಿಂದ ಅದನ್ನು ತೆಳುವಾಗಿ ಕೊಯ್ಯಬೇಕಾದರೆ ಮೊದಲು ಗಟ್ಟಿಮಾಡಿಕೊಳ್ಳಬೇಕು. ಗಾಲ್ಜಿ ತುಣುಕುಗಳನ್ನು ಪೊಟಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಬಹು ದಿನ ನೆನೆಹಾಕಿ, ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕಿದನು. ಸಿಲ್ವರ್ ನೈಟ್ರೇಟ್ ಎಂದರೆ ಬೆಳ್ಳಿಯ ಲವಣ. ಹಿಂದೆ ಛಾಯಾಚಿತ್ರಗಾರರ ಕತ್ತಲೆ ಕೋಣೆಯಲ್ಲಿ ನೆರಳು ಬೆಳಕುಗಳನ್ನು ಹಿಡಿದಿಡುತ್ತಿದ್ದುದೂ ಬೆಳ್ಳಿಯ ಲವಣಗಳೇ. ಎರಡು ದ್ರಾವಣಗಳೂ ಕೂಡಿದಾಗ ನರಕೋಶದೊಳಗೆ ಸಿಲ್ವರ್ ಕ್ರೋಮೇಟ್ ಎಂಬ ಪದಾರ್ಥ ಹರಳುಗಟ್ಟಿ, ಕೋಶದ ಒಡಲನ್ನೂ ಅದರ ಕೊಂಬೆ ರೆಂಬೆಗಳನ್ನೂ ತುದಿಯವರೆಗೆ ತುಂಬಿತು. ಹಳದಿಯ ಹಿನ್ನೆಲೆಯ ಮೇಲೆ ಕಡುಗಪ್ಪಿನ ಮರವೊಂದು ಬೇರು ಸಹಿತ ನಿಂತಂತೆ ಒಂದು ಇಡೀ ನರಕೋಶ ಮನುಷ್ಯನ ಕಣ್ಣಿಗೆ ಕಾಣಿಸಿತು. 1873ರಲ್ಲಿ ಈ ವಿಧಾನವನ್ನು ಆತನು ಪ್ರಕಟಿಸಿದನು. ಅದಕ್ಕೆ 'ಕಪ್ಪು ಪ್ರತಿಕ್ರಿಯೆ' ಎಂದು ಹೆಸರಾಯಿತು.

ಅದರ ಗುಟ್ಟು ಕಪ್ಪಿನಲ್ಲಿಲ್ಲ, ಜಿಪುಣತನದಲ್ಲಿದೆ. ನೂರು ಕೋಶಗಳಲ್ಲಿ ಎಲ್ಲೋ ಒಂದೆರಡೋ ನಾಲ್ಕೈದೋ ಮಾತ್ರ ಕಪ್ಪಾಗುತ್ತವೆ. ಉಳಿದವು ಇಲ್ಲವೇ ಇಲ್ಲವೆಂಬಂತೆ ಮರೆಯಾಗುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬಿಬ್ಬರ ಹೊರತು ಎಲ್ಲರೂ ಬಾಯಿ ಮುಚ್ಚಿದರೆ ಆ ಒಬ್ಬರ ಮಾತು ಸ್ಪಷ್ಟವಾಗಿ ಕೇಳುವುದಲ್ಲವೇ? ಹಾಗೆಯೇ ಇದೂ.

ಗಾಲ್ಜಿಯ ಸೋಜಿಗದ ಸಂಗತಿಯೆಂದರೆ, ನರಕೋಶವನ್ನು ಅದರ ಇಡೀ ರೂಪದಲ್ಲಿ ಮೊದಲು ಕಂಡ ಆತನೇ ಕೊನೆಯವರೆಗೂ ಬಲೆಯ ವಾದವನ್ನು ನಂಬಿದನು. ಕೋಶಗಳಿಂದ ಹೊರಟ ನೀಳವಾದ ಎಳೆಗಳು ದೂರದಲ್ಲಿ ಎಲ್ಲಿಯೋ ಒಂದಾಗಿ ಬೆಸೆದುಕೊಳ್ಳುತ್ತವೆಂದೇ ಆತನಿಗೆ ಕಂಡಿತು.

ಚಿತ್ರಕಾರನಾಗಬೇಕಿದ್ದ ಹುಡುಗ

ಸ್ಪೇನ್ ದೇಶದ ಸಾಂತಿಯಾಗೋ ರಮೋನ್ ಇ ಕಹಾಲ್ ಹುಟ್ಟಿದ್ದು 1852ರಲ್ಲಿ. ಹುಡುಗ ಮಹಾ ತುಂಟ. ಹನ್ನೊಂದನೆಯ ವಯಸ್ಸಿನಲ್ಲಿ ತಾನೇ ಮಾಡಿದ ಫಿರಂಗಿಯಿಂದ ನೆರೆಯವರ ಬಾಗಿಲನ್ನು ಒಡೆದು ಸೆರೆಮನೆಯನ್ನು ಕಂಡು ಬಂದವನು. ಓದು ಒಗ್ಗದು, ಚಿತ್ರ ಬರೆಯುವುದೊಂದೇ ಹುಚ್ಚು. ವೈದ್ಯನಾಗಿದ್ದ ತಂದೆ ಚಿತ್ರಗಾರಿಕೆ ಹೊಟ್ಟೆಗೆ ಹಿಟ್ಟು ಕೊಡದೆಂದು ಸಿಡಿದು, ಮಗನನ್ನು ಕ್ಷೌರಿಕನ ಬಳಿಗೂ ಚಮ್ಮಾರನ ಬಳಿಗೂ ಕಸಬು ಕಲಿಯಲು ಬಿಟ್ಟನು. ಕಡೆಗೆ ಒಂದು ಉಪಾಯ ಹೊಳೆಯಿತು. ಮಗನನ್ನು ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿದ್ದ ಎಲುಬುಗಳನ್ನು ತೋರಿಸಿ, "ಇವನ್ನು ಬರೆ" ಎಂದನು. ಚಿತ್ರದ ಹುಚ್ಚಿನಿಂದಲೇ ಹುಡುಗ ಶರೀರಶಾಸ್ತ್ರಕ್ಕೆ ಒಲಿದನು! ಮಕ್ಕಳ ಹಟ ಮುರಿಯಲಾರದೆ ಕುಳಿತಿರುವ ತಂದೆತಾಯಿಗಳು ಈ ತಂದೆಯ ಜಾಣ್ಮೆಯನ್ನು ಗಮನಿಸಬಹುದು.

1887ರಲ್ಲಿ ಕಹಾಲ್ ಮಾಡ್ರಿಡ್ ನಗರದಲ್ಲಿ ಲೂಯಿಸ್ ಸಿಮಾರೋ ಎಂಬ ಮನೋವೈದ್ಯನ ಮನೆಗೆ ಹೋಗಿದ್ದಾಗ ಗಾಲ್ಜಿಯ ವಿಧಾನದಿಂದ ತಯಾರಾದ ಪದರಗಳನ್ನು ಮೊದಲ ಬಾರಿಗೆ ನೋಡಿದನು. ವಿಧಾನ ಹೊರಬಿದ್ದು ಹದಿನಾಲ್ಕು ವರ್ಷಗಳಾಗಿದ್ದರೂ ಯುರೋಪಿನ ಬಹುಮಂದಿ ಅದನ್ನು ಮುಟ್ಟಿರಲಿಲ್ಲ. ಒಮ್ಮೆ ಹತ್ತಿದ ಬಣ್ಣ ಇನ್ನೊಮ್ಮೆ ಹತ್ತದು ಎಂಬುದೇ ಕಾರಣ. ಕಹಾಲ್ ಊರಿಗೆ ಮರಳಿ ಈ ಚಂಚಲೆಯನ್ನು ಪಳಗಿಸಲು ಕುಳಿತನು. ಒಂದು ಸಲಕ್ಕೆ ಬದಲಾಗಿ ಎರಡು ಸಲ ದ್ರಾವಣಗಳಲ್ಲಿ ಅದ್ದಿದನು. ಅದಕ್ಕಿಂತ ದೊಡ್ಡ ಉಪಾಯವೆಂದರೆ, ಬೆಳೆದ ಪ್ರಾಣಿಗಳನ್ನು ಬಿಟ್ಟು ಹಕ್ಕಿಮರಿಗಳ ಮತ್ತು ಭ್ರೂಣಗಳ ಮಿದುಳನ್ನು ಆರಿಸಿಕೊಂಡದ್ದು. ಬೆಳೆದ ನರತಂತುವಿನ ಸುತ್ತ ಕೊಬ್ಬಿನ ಕವಚವೊಂದು ಕಟ್ಟಿ ಬೆಳ್ಳಿಯನ್ನು ಒಳಗೆ ಬಿಡದು. ಎಳೆಯದರಲ್ಲಿ ಆ ಕವಚವಿನ್ನೂ ಮೂಡಿರುವುದಿಲ್ಲ, ಕೊಂಬೆಗಳೂ ವಿರಳ. ದಟ್ಟವಾದ ಕಾಡಿನಲ್ಲಿ ಕಂಗೆಡುವ ಬದಲು ಸಸಿಮಡಿಗೆ ಹೋಗಿ ಗಿಡದ ಗುರುತು ಹಿಡಿದಂತೆ.

ನೋಡಿದ್ದನ್ನು ಕಹಾಲ್ ತನ್ನ ಕೈಯಿಂದಲೇ ಬರೆದನು. ಹಕ್ಕಿಗಳ ಕಿರುಮಿದುಳಿನಲ್ಲಿ ಒಂದು ಕೋಶದ ಎಳೆ ಇನ್ನೊಂದು ಕೋಶದ ಬಳಿಸಾರಿ, ಅದರ ಒಡಲನ್ನು ಬುಟ್ಟಿಯಂತೆ ಸುತ್ತುವರಿದು, ಅಲ್ಲಿಯೇ ಮುಗಿಯುತ್ತಿತ್ತು. ಮುಟ್ಟುವಷ್ಟು ಹತ್ತಿರ ಬರುತ್ತಿತ್ತೇ ಹೊರತು ಬೆಸೆದುಕೊಳ್ಳುತ್ತಿರಲಿಲ್ಲ. ಬಲೆ ಎಲ್ಲಿಯೂ ಇಲ್ಲ! 1888ರಲ್ಲಿ ತನ್ನ ಖರ್ಚಿನಿಂದಲೇ ಒಂದು ಪತ್ರಿಕೆಯನ್ನು ಹೊರಡಿಸಿ, ಅರವತ್ತು ಪ್ರತಿಗಳನ್ನು ಅಚ್ಚುಹಾಕಿಸಿ, ಪರದೇಶದ ಪಂಡಿತರಿಗೆ ಕಳುಹಿಸಿದನು. ಸ್ಪ್ಯಾನಿಷ್ ಭಾಷೆಯಲ್ಲಿ ಬರೆದುದನ್ನು ಓದುವವರಾರು? ಮರುವರ್ಷ ತಾನೇ ಬರ್ಲಿನ್ ನಗರದ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋಗಿ, ಸೂಕ್ಷ್ಮದರ್ಶಕಗಳನ್ನು ಹೂಡಿ, ಹರಕುಮುರುಕು ಫ್ರೆಂಚಿನಲ್ಲಿ ಒಬ್ಬೊಬ್ಬರನ್ನೇ ಕರೆದು ತೋರಿಸಿದನು. ಎಪ್ಪತ್ತು ದಾಟಿದ್ದ ಕೋಲಿಕರ್ ಎಂಬ ಸ್ವಿಸ್ ಪಂಡಿತನು ನೋಡಿ ಬೆರಗಾದನು; ಕಹಾಲನ ಲೇಖನಗಳನ್ನು ಓದಲೆಂದೇ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತನು. (ಭಾಷೆಯ ಪಾಠ ಹೇಳುವ ನನಗೆ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸಿದ ಭಾಗವಿದು.) 1891ರಲ್ಲಿ ವಾಲ್ಡೆಯರ್ ಎಂಬಾತನು ಈ ಬಿಡಿ ಕೋಶಕ್ಕೆ 'ನ್ಯೂರಾನ್' ಎಂಬ ಹೆಸರನ್ನಿತ್ತನು.

1906ರ ನೊಬೆಲ್ ಬಹುಮಾನವನ್ನು ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಹಂಚಿದರು. ಇಬ್ಬರೂ ಮೊದಲು ಮುಖತಃ ಭೇಟಿಯಾದದ್ದೇ ಸ್ಟಾಕ್‌ಹೋಮಿನಲ್ಲಿ. ಡಿಸೆಂಬರ್ 11ರಂದು ಗಾಲ್ಜಿ ತನ್ನ ಭಾಷಣವನ್ನೆಲ್ಲ ನ್ಯೂರಾನ್ ವಾದದ ಖಂಡನೆಗೆ ಮೀಸಲಿಟ್ಟನು. ಮರುದಿನ ಅದೇ ವೇದಿಕೆಯಿಂದ ಕಹಾಲ್ ಅದೇ ವಾದವನ್ನು ಸಮರ್ಥಿಸಿದನು. ವಿಧಾನ ಒಂದೇ, ನೋಟ ಎರಡು.

ಗಾಲ್ಜಿಯನ್ನು ಹಾಸ್ಯ ಮಾಡುವುದು ಸುಲಭ, ನನಗೆ ಮನಸ್ಸಾಗದು. ಎರಡು ನರಕೋಶಗಳ ನಡುವಿನ ಸಂದು ಒಂದು ಮಿಲಿಮೀಟರನ್ನು ಐವತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ನಿಲುಕದು. ಹಾಗಾಗಿ ಕಹಾಲನೂ ಆ ಸಂದನ್ನು ಕಣ್ಣಿನಿಂದ ಕಂಡವನಲ್ಲ; ತುದಿಗಳನ್ನು ಕಂಡು ಊಹಿಸಿದವನು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 1950ರ ದಶಕದಲ್ಲಿ ಆ ಸಂದನ್ನು ತೋರಿಸಿದಾಗ ಇಬ್ಬರೂ ಬದುಕಿರಲಿಲ್ಲ. ಅದೇ ದಶಕದ ಕೊನೆಯಲ್ಲಿ, ಕೆಲವೆಡೆಗಳಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ವಿದ್ಯುತ್ತು ನೇರವಾಗಿಯೇ ಹರಿಯುತ್ತದೆ ಎಂಬುದೂ ಗೊತ್ತಾಯಿತು. ಮುದುಕ ಗಾಲ್ಜಿಗೆ ಇಷ್ಟಾದರೂ ಸಮಾಧಾನ ಸಲ್ಲಬೇಕು.

ಸಮುದ್ರದಿಂದ ಬಂದ ದೀಪ

ಕಪ್ಪು ಪ್ರತಿಕ್ರಿಯೆಗೆ ಎರಡು ಕುಂದುಗಳು. ಅದು ಸತ್ತ ಮಿದುಳಿನಲ್ಲಿ ಮಾತ್ರ ನಡೆಯುವ ಕೆಲಸ. ಯಾವ ಕೋಶ ಕಪ್ಪಾಗಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಬದುಕಿರುವ ಪ್ರಾಣಿಯಲ್ಲಿ, ನಮಗೆ ಬೇಕಾದ ಕೋಶವೇ ಗುರುತು ತೋರುವಂತೆ ಮಾಡಬಹುದೇ? ಈ ಪ್ರಶ್ನೆಗೆ ಉತ್ತರ ಬಂದದ್ದು, ಮಿದುಳೆಂಬುದೇ ಇಲ್ಲದ ಒಂದು ಲೋಳೆಮೀನಿನಿಂದ.

1945ರ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಪರಮಾಣು ಬಾಂಬು ಬಿದ್ದಾಗ ಸುಮಾರು ಹದಿನೈದು ಕಿಲೋಮೀಟರು ದೂರದ ಇಸಹಾಯದಲ್ಲಿ ಹದಿನಾರು ವರ್ಷದ ಒಸಾಮು ಶಿಮೊಮುರಾ ಕಾರ್ಖಾನೆಯ ಕೆಲಸದಲ್ಲಿದ್ದರು. ಕಿಟಕಿಯಿಂದ ಬಂದ ಬೆಳಕಿಗೆ ಕೆಲ ಕ್ಷಣ ಕಣ್ಣು ಕಾಣದಾಯಿತು. ಸಂಜೆ ಮನೆಗೆ ನಡೆಯುವಾಗ ಕಪ್ಪು ಮಳೆ ಸುರಿದು ಬಿಳಿಯ ಅಂಗಿ ಬೂದಿಯ ಬಣ್ಣಕ್ಕೆ ತಿರುಗಿತು. ಅಜ್ಜಿ ಒಡನೆಯೇ ಸ್ನಾನ ಮಾಡಿಸಿದಳು. ಯುದ್ಧಾನಂತರ ಓದಲು ಬೇರೆ ದಾರಿ ಕಾಣದೆ, ಮನೆಯ ಹತ್ತಿರಕ್ಕೆ ತಾತ್ಕಾಲಿಕವಾಗಿ ಬಂದಿದ್ದ ಔಷಧ ವಿಜ್ಞಾನದ ಶಾಲೆಗೆ ಸೇರಿದರು. ಮುಂದೆ ಅವರ ಆಯುಸ್ಸೆಲ್ಲ ಕಳೆದದ್ದು ಕಣ್ಣನ್ನು ಸುಡದ, ತಣ್ಣನೆಯ ಬೆಳಕಿನ ಬೆನ್ನಹಿಂದೆ.

1961ರ ಬೇಸಗೆಯಲ್ಲಿ ಶಿಮೊಮುರಾ ಪ್ರಿನ್ಸ್‌ಟನ್ನಿನ ಫ್ರಾಂಕ್ ಜಾನ್ಸನ್ ಎಂಬವರೊಡನೆ ಅಮೆರಿಕೆಯ ಪಶ್ಚಿಮ ತೀರದ ಫ್ರೈಡೇ ಹಾರ್ಬರಿಗೆ ಹೋದರು. ಅಲ್ಲಿನ ಕಡಲಿನಲ್ಲಿ ಏಕ್ವೋರಿಯಾ ಎಂಬ ಲೋಳೆಮೀನು ಹೇರಳ. ಕೆಣಕಿದರೆ ಅದರ ಕೊಡೆಯಂತಹ ದೇಹದ ಅಂಚು ಹಸುರಾಗಿ ಮಿನುಗುತ್ತದೆ. ಅಂಚನ್ನು ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ, ರಸ ತೆಗೆದರೂ ಬೆಳಕಿನ ಮೂಲವಸ್ತು ಕೈಗೆ ಸಿಗಲೊಲ್ಲದು. ಒಂದು ದಿನ ಪ್ರಯೋಗ ಮುಗಿಸಿ, ಉಳಿದ ರಸವನ್ನು ತೊಟ್ಟಿಗೆ ಚೆಲ್ಲಿದಾಗ ತೊಟ್ಟಿಯೊಳಗೆ ನೀಲಿಯ ಬೆಳಕು ಭಗ್ಗನೆ ಹೊಳೆಯಿತು. ಆ ತೊಟ್ಟಿಗೆ ಸಮುದ್ರದ ನೀರು ಹರಿದು ಬರುತ್ತಿತ್ತು. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಬೆಳಕನ್ನು ಹೊತ್ತಿಸಿತ್ತು!

ಆ ಬೇಸಗೆಯಲ್ಲಿ ಹಿಡಿದ ಸುಮಾರು ಹತ್ತು ಸಾವಿರ ಲೋಳೆಮೀನುಗಳಿಂದ ನೀಲಿ ಬೆಳಕಿನ ಪ್ರೋಟೀನು ದೊರೆಯಿತು. ಅದನ್ನು ಶುದ್ಧಿಮಾಡುವಾಗ ಅದರ ಜೊತೆಗೆ ಇನ್ನೊಂದು ಪ್ರೋಟೀನು ಅಲ್ಪಸ್ವಲ್ಪ ಸಿಕ್ಕಿತು. ಇದು ನೀಲಿಯ ಬೆಳಕನ್ನು ನುಂಗಿ ಹಸುರು ಬೆಳಕನ್ನು ಉಗುಳುವಂಥದು. 1962ರ ಲೇಖನದಲ್ಲಿ ಇದಕ್ಕೆ ಸಿಕ್ಕಿದ್ದು ಎಲ್ಲೋ ಒಂದು ಚಿಕ್ಕ ಮೂಲೆ. ಆಮೇಲೆ ವರ್ಷ ವರ್ಷವೂ ಶಿಮೊಮುರಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಡಲತಡಿಗೆ ಹೋಗಿ, ಎಲ್ಲ ಕೂಡಿ ಎಂಟು ಲಕ್ಷಕ್ಕೂ ಮಿಕ್ಕು ಲೋಳೆಮೀನುಗಳನ್ನು ಹಿಡಿದರು. ಯಾವ ಪ್ರಯೋಜನವನ್ನು ಎಣಿಸಿ ಎಂದು ಕೇಳಿದರೆ, ಅವರಲ್ಲಿ ಉತ್ತರವಿರುತ್ತಿರಲಿಲ್ಲ.

ಹಸುರು ಪ್ರೋಟೀನನ್ನು ತಯಾರಿಸುವ ಜೀನ್, ಎಂದರೆ ವಂಶವಾಹಿಯ ಬರಹ, ಲೋಳೆಮೀನಿನ ಕೋಶದಲ್ಲಿ ಎಲ್ಲೋ ಇರಲೇಬೇಕು. ಅದನ್ನು ಹುಡುಕಿ, ಅಕ್ಷರಕ್ಷರವಾಗಿ ಓದಿ, 1992ರಲ್ಲಿ ಪ್ರಕಟಿಸಿದವರು ವುಡ್ಸ್ ಹೋಲ್ ಎಂಬಲ್ಲಿದ್ದ ಡಗ್ಲಸ್ ಪ್ರಾಶರ್. ಅಷ್ಟರಲ್ಲಿ ಅವರ ಸಂಶೋಧನೆಗೆ ಹಣ ಮುಗಿದಿತ್ತು. ಕೇಳಿಕೊಂಡ ಇಬ್ಬರು ವಿಜ್ಞಾನಿಗಳಿಗೆ, ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಟಿನ್ ಚಾಲ್ಫೀ ಮತ್ತು ಕ್ಯಾಲಿಫೋರ್ನಿಯದ ರೋಜರ್ ಚಿಯೆನ್ ಅವರಿಗೆ, ಆ ಜೀನನ್ನು ಧರ್ಮಕ್ಕೆ ಕಳುಹಿಸಿಕೊಟ್ಟು, ಪ್ರಾಶರ್ ಆ ಕೆಲಸವನ್ನು ಕೈಬಿಟ್ಟರು.

ಚಾಲ್ಫೀ ಅವರದು ಒಂದು ಮಿಲಿಮೀಟರು ಉದ್ದದ, ಗಾಜಿನಂತೆ ಪಾರದರ್ಶಕವಾದ ದುಂಡುಹುಳು. ಅದರ ಮೈಯಲ್ಲಿರುವುದು 302 ನರಕೋಶಗಳು. ಅವುಗಳಲ್ಲಿ ಆರು, ಮೃದುವಾದ ಸ್ಪರ್ಶವನ್ನು ಅರಿಯುವಂಥವು. ಯಾವ ಜೀನು ಯಾವ ಕೋಶದಲ್ಲಿ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುವ ಒಂದು ಕೀಲಿ ಪ್ರತಿ ಜೀನಿನ ಹಿಂದೆಯೂ ಇರುತ್ತದೆ. ಸ್ಪರ್ಶಕೋಶದಲ್ಲಿ ಕೆಲಸ ಮಾಡುವ ಜೀನಿನ ಕೀಲಿಯನ್ನು ತೆಗೆದು, ಲೋಳೆಮೀನಿನ ಹಸುರು ಜೀನಿಗೆ ಜೋಡಿಸಿ ಹುಳುವಿನೊಳಗೆ ಸೇರಿಸಿದರೆ? ಸ್ಪರ್ಶಕೋಶಗಳು ಹಸುರಾಗಿ ಬೆಳಗಬೇಕು. ಆದರೆ ಲೋಳೆಮೀನಿನ ಮೈಯಲ್ಲಿರುವ ಮತ್ತಾವುದೋ ವಸ್ತುವಿನ ಸಹಾಯವಿಲ್ಲದೆ ಆ ಪ್ರೋಟೀನು ಹೊಳೆಯದೆಂಬುದೇ ಹಲವರ ಅಭಿಪ್ರಾಯವಾಗಿತ್ತು. ಬೇರೆ ಕೆಲವರು ಯತ್ನಿಸಿ ಸೋತೂ ಇದ್ದರು.

ಸೋತದ್ದೇಕೆ ಎಂಬುದು ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುವ ಸಂಗತಿ. ಅವರು ಜೀನಿನ ಜೊತೆಗೆ ಅದರ ಅಕ್ಕಪಕ್ಕದಲ್ಲಿ ಅಂಟಿಕೊಂಡಿದ್ದ ಬರಹವನ್ನೂ ಎತ್ತಿ ಹಾಕಿದ್ದರು. ಹಳೆಯ ಕಾವ್ಯದ ಪ್ರತಿ ತೆಗೆಯುವವನು ಪ್ರಕ್ಷಿಪ್ತ ಭಾಗವನ್ನೂ ಮೂಲವೆಂದೇ ಸೇರಿಸಿಬಿಟ್ಟರೆ ಅರ್ಥ ಕೆಡುವುದಿಲ್ಲವೇ? ಚಾಲ್ಫೀ ಅವರ ಪ್ರಯೋಗಶಾಲೆಯಲ್ಲಿ ಘಿಯಾ ಯೂಸ್ಕಿರ್ಚೆನ್ ಎಂಬ ವಿದ್ಯಾರ್ಥಿನಿ, ಜೀನಿನ ಶುದ್ಧಪಾಠವನ್ನಷ್ಟೇ ನಕಲು ಮಾಡಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದಳು. 1992ರ ಅಕ್ಟೋಬರಿನಲ್ಲಿ ಬ್ಯಾಕ್ಟೀರಿಯಾಗಳು ಹಸುರಾಗಿ ಹೊಳೆದವು. ಅನಂತರ ಹುಳುವಿನ ಸರದಿ. ಜೀವಂತವಾಗಿ ಹರಿದಾಡುವ ಹುಳುವಿನ ಮೈಯಲ್ಲಿ ಸ್ಪರ್ಶದ ನರಕೋಶಗಳು, ನೀಳವಾದ ಎಳೆಗಳ ಸಮೇತ, ಹಸುರು ಗೆರೆ ಎಳೆದಂತೆ ಕಂಡವು. ಗಾಲ್ಜಿಯ ಜಿಪುಣತನವೇ ಇದೂ. ಆದರೆ ಇಲ್ಲಿ ಆರಿಸಿದವನು ಮನುಷ್ಯ.

1994ರಲ್ಲಿ ಪ್ರಕಟವಾದ ಆ ಲೇಖನಕ್ಕೆ ಒಂದು ಸಂಸಾರದ ಕಥೆಯೂ ಉಂಟು. ಚಾಲ್ಫೀ ಅವರ ಪತ್ನಿ ಟಲ್ ಹೇಜಲ್‌ರಿಗ್ ತಾವೂ ವಿಜ್ಞಾನಿ. ಹಣ್ಣಿನ ನೊಣದಲ್ಲಿ ಹಸುರು ಪ್ರೋಟೀನನ್ನು ಬಳಸಿ ಕಂಡುಕೊಂಡ ಅವರ ಅಪ್ರಕಟಿತ ಫಲಿತಾಂಶವನ್ನು ಲೇಖನದಲ್ಲಿ ಉಲ್ಲೇಖಿಸಲು ಗಂಡ ಅನುಮತಿ ಬೇಡಿದಾಗ, ಆಕೆ ಲಿಖಿತ ಕರಾರು ಹಾಕಿದರಂತೆ: ಬೆಳಿಗ್ಗೆ ಕಾಫಿ ಮಾಡಿಕೊಡಬೇಕು, ಒಂದು ದಿನ ವಿಶೇಷ ಅಡಿಗೆ ಮಾಡಿ ಬಡಿಸಬೇಕು, ತಿಂಗಳ ಕಾಲ ಕಸವನ್ನು ಹೊರಗೆ ಹಾಕಬೇಕು. ನಮ್ಮ ಮನೆಗಳ ಗೃಹಿಣಿಯರು ಇದನ್ನು ಓದಿ ಗಂಡಂದಿರ ಕಡೆ ತಿರುಗಿ ನೋಡಿದರೆ ಲೇಖಕನು ಹೊಣೆಯಲ್ಲ.

2008ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಶಿಮೊಮುರಾ, ಚಾಲ್ಫೀ, ಚಿಯೆನ್ ಮೂವರಿಗೆ ಬಂತು. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚಬಾರದೆಂಬುದು ನಿಯಮ. ಆ ದಿನ ಪ್ರಾಶರ್ ಅಲಬಾಮಾ ಸಂಸ್ಥಾನದ ಹಂಟ್ಸ್‌ವಿಲ್‌ನಲ್ಲಿ, ಮೋಟಾರು ಕಾರುಗಳನ್ನು ಮಾರುವ ಅಂಗಡಿಯೊಂದರಲ್ಲಿ, ಗಿರಾಕಿಗಳನ್ನು ಮನೆಗೆ ಬಿಟ್ಟುಬರುವ ವ್ಯಾನಿನ ಚಾಲಕರಾಗಿದ್ದರು. ನಡುವೆ ಸಿಕ್ಕಿದ್ದ ಕೆಲಸಗಳು ಒಂದೊಂದಾಗಿ ತಪ್ಪಿಹೋಗಿದ್ದವು. ಚಾಲ್ಫೀ ಮತ್ತು ಚಿಯೆನ್ ತಮ್ಮ ಖರ್ಚಿನಿಂದ ಅವರನ್ನೂ ಅವರ ಪತ್ನಿಯನ್ನೂ ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಕೆಲವು ವರ್ಷಗಳ ಅನಂತರ ಚಿಯೆನ್ ಅವರ ಪ್ರಯೋಗಶಾಲೆಯಲ್ಲಿಯೇ ಪ್ರಾಶರ್ ಅವರಿಗೆ ಕೆಲಸವೂ ದೊರೆಯಿತು. ಜೀನನ್ನು ಕೈಬಿಡಬೇಕಾಗಿ ಬಂದಾಗ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಬೇಡಿದವರಿಗೆ ಕೊಟ್ಟವರು ಅವರು. ತಾವು ಸಂಪಾದಿಸಿದ ಹಸ್ತಪ್ರತಿಯನ್ನು ಇನ್ನೊಬ್ಬರ ಕಣ್ಣಿಗೂ ಬೀಳಿಸದ ಪಂಡಿತರನ್ನು ನಮ್ಮಲ್ಲಿ ನೋಡಿರುವ ನನಗೆ, ಈ ಮನುಷ್ಯನ ಔದಾರ್ಯ ಬಹುಮಾನಕ್ಕಿಂತ ಕಿರಿದಾಗಿ ಕಾಣಲಿಲ್ಲ.

ಅಲ್ಲಿಂದೀಚೆಗೆ ಹಸುರೊಂದೇ ಉಳಿದಿಲ್ಲ. ಚಿಯೆನ್ ಅದೇ ಪ್ರೋಟೀನನ್ನು ತಿದ್ದಿ ನೀಲಿ, ಹಳದಿ ಬಣ್ಣಗಳನ್ನು ಬರಿಸಿದರು. ಹವಳದ ಬಳಗದ ಜೀವಿಯಿಂದ ಕೆಂಪು ದೊರೆಯಿತು. 2007ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಇಲಿಯ ಮಿದುಳಿನಲ್ಲಿ ಒಂದೊಂದು ನರಕೋಶಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಬಣ್ಣ ಬೆರೆಯುವಂತೆ ಮಾಡಿ, ಸುಮಾರು 90 ವರ್ಣಭೇದಗಳನ್ನು ಪಡೆದರು. ಚಿತ್ರಕಾರನಾಗಬೇಕಿದ್ದ ಕಹಾಲ್ ಅದನ್ನು ನೋಡಲಿಲ್ಲವಲ್ಲಾ ಎನ್ನಿಸುತ್ತದೆ. ಬೆಂಗಳೂರಿನಲ್ಲಿ ಒಬೈದ್ ಸಿದ್ದಿಕಿ ಅವರು ಕಟ್ಟಿ ಬೆಳೆಸಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಹಣ್ಣಿನ ನೊಣ ವಾಸನೆಯನ್ನರಿಯುವ ಬಗೆಯನ್ನು ತಿಳಿಯಲು ಅದರ ನರಕೋಶಗಳಿಗೆ ಈ ಲೋಳೆಮೀನಿನ ದೀಪವನ್ನೇ ಹಚ್ಚಿದ್ದಾರೆ.

ತೊಟ್ಟಿಯಲ್ಲಿ ಬೆಳಕು ಹೊತ್ತಿಸಿದ ಕ್ಯಾಲ್ಸಿಯಂ ಕೂಡ ಈ ಕಥೆಗೆ ಮರಳಿ ಬಂದಿದೆ. ನರಕೋಶ ಸುದ್ದಿ ಕಳುಹಿಸುವಾಗ ಕ್ಯಾಲ್ಸಿಯಂ ಅದರ ಒಳಕ್ಕೆ ನುಗ್ಗುತ್ತದೆ. ಕ್ಯಾಲ್ಸಿಯಂ ಸೋಕಿದರೆ ಹೆಚ್ಚು ಹೊಳೆಯುವಂತೆ ಹಸುರು ಪ್ರೋಟೀನನ್ನು 2001ರಲ್ಲಿ ಜಪಾನಿನ ನಕಾಯ್ ಮತ್ತು ಸಂಗಡಿಗರು ಮಾರ್ಪಡಿಸಿದರು. 2013ರಲ್ಲಿ ಅಮೆರಿಕೆಯಲ್ಲಿ ಪಾರದರ್ಶಕವಾದ ಮೀನುಮರಿಯೊಂದರ ಮಿದುಳನ್ನು ಈ ಬಗೆಯಲ್ಲಿ ನೋಡಿದರು. ಆ ಮಿದುಳಿನ ಸುಮಾರು ಒಂದು ಲಕ್ಷ ನರಕೋಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಕೋಶಗಳು, ಮೀನುಮರಿ ಬದುಕಿರುವಾಗಲೇ, ಇಲ್ಲಿ ಹೊಳೆದು ಅಲ್ಲಿ ಮಂಕಾಗುವುದು ಚಲನಚಿತ್ರದಂತೆ ದಾಖಲಾಯಿತು. ಮುಳ್ಳುಪೊದೆಯ ಮೇಲೆ ಮಿಂಚುಹುಳುಗಳು ಕುಳಿತ ಮಳೆಗಾಲದ ರಾತ್ರಿಯನ್ನು ಮಲೆನಾಡಿನಲ್ಲಿ ಕಂಡವರಿಗೆ ಆ ನೋಟದ ಕಲ್ಪನೆ ಬಂದೀತು.

ಇಷ್ಟೆಲ್ಲ ಆದಮೇಲೂ ಗಾಲ್ಜಿಯ ಕಪ್ಪು ಪ್ರತಿಕ್ರಿಯೆ ಮೂಲೆಗುಂಪಾಗಿಲ್ಲ. ನರಕೋಶದ ಪೂರ್ಣಾಕಾರವನ್ನು ನೋಡಬೇಕೆನ್ನುವವರು ಇಂದಿಗೂ ಡೈಕ್ರೋಮೇಟ್ ಮತ್ತು ಬೆಳ್ಳಿಯ ಲವಣದ ಸೀಸೆಗಳನ್ನು ಕೈಗೆತ್ತಿಕೊಳ್ಳುತ್ತಾರೆ. ನೂರು ಕೋಶಗಳ ನಡುವೆ ಆ ಒಂದೆರಡನ್ನೇ ಬೆಳ್ಳಿ ಏಕೆ ಆರಿಸಿಕೊಳ್ಳುತ್ತದೆ, ಪಕ್ಕದಲ್ಲಿಯೇ ಇರುವುದನ್ನು ಏಕೆ ಬಿಡುತ್ತದೆ ಎಂಬುದು ಮಾತ್ರ, ಆ ಅಡಿಗೆಮನೆಯಲ್ಲಿ ಮೇಣದ ಬತ್ತಿ ಉರಿದು ನೂರೈವತ್ತು ವರ್ಷಗಳು ಕಳೆದರೂ, ಇನ್ನೂ ಬಗೆಹರಿದಿಲ್ಲ.